ಕ್ಲಾಸಲ್ಲಿ ವೆಬ್‌ಸೈಟ್, ವಿಡಿಯೋ ಬಳಸೋದು ಹೇಗೆ: ಬಟನ್ ಒತ್ತೋಕ್ಕೆ ಮುಂಚಿನ ಕೆಲಸ

ಇಂಟರ್ನೆಟ್ಟಲ್ಲಿ ಪಾಠಕ್ಕೆ ಬೇಕಾದ್ದು ಸಿಗಲ್ಲ ಅನ್ನೋ ಕಾಲ ಯಾವತ್ತೋ ಹೋಯ್ತು. ಈಗ ತೊಂದರೆ ಉಲ್ಟಾ, ಸಿಕ್ಕಾಪಟ್ಟೆ ಇದೆ, "ಟೀಚರ್‌ಗಳಿಗೆ 50 ಬೆಸ್ಟ್ ವೆಬ್‌ಸೈಟ್‌ಗಳು" ಅಂತ ಫಾರ್ವರ್ಡ್ ಬರ್ತಾನೇ ಇರತ್ತೆ, ನಾವೂ ಸ್ಟಾರ್ ಹಾಕಿ ಇಟ್ಕೋತೀವಿ, ಮತ್ತೆ ಆ ಕಡೆ ತಲೆ ಹಾಕಲ್ಲ. ಅದಕ್ಕೇ ಇದು ಇನ್ನೊಂದು ಲಿಸ್ಟ್ ಅಲ್ಲ. ಒಂದು ಸೈಟೋ ವಿಡಿಯೋನೋ ನಿಮಗೆ ಇಷ್ಟ ಆಯ್ತು ಅಂತಿಟ್ಕೊಳ್ಳಿ, ಅದನ್ನ ಒಂದು ಪೀರಿಯಡ್ ಒಳಗೆ ಮಕ್ಕಳ ತಲೆಗೆ ಹೋಗೋ ಥರ ಬಳಸೋದು ಹೇಗೆ ಅನ್ನೋದಷ್ಟೇ ವಿಷಯ.

ನಾನು ಪಟ್ಟು ಹಿಡಿದು ಹೇಳೋದು ಒಂದೇ. ಬಟನ್ ಒತ್ತೋಕ್ಕೆ ಮುಂಚೆ "ಏನಾಗತ್ತೆ?" ಅಂತ ಮಕ್ಕಳು ಊಹೆ ಮಾಡಿ ಹೇಳಿರ್ಬೇಕು, ನೋಟ್ಸಲ್ಲಿ ಒಂದು ಸಾಲು ಬರೆದಿದ್ರೆ ಇನ್ನೂ ಒಳ್ಳೇದು. ಊಹೆ ಮಾಡದೇ ನೋಡಿದ್ದು ಬರೀ ಟಿವಿ ನೋಡಿದ ಹಾಗೆ, "ಸೂಪರ್ ಸಾರ್" ಅಂತಾರೆ, ಮಾರನೇ ದಿನ ಕೇಳಿದ್ರೆ ಬಣ್ಣ ನೆನಪಿರತ್ತೆ, ವಿಷಯ ನೆನಪಿರಲ್ಲ. ವಿಜ್ಞಾನ ಕಲಿಸೋರಲ್ಲಿ ಊಹಿಸು-ನೋಡು-ವಿವರಿಸು ಅನ್ನೋ ಈ ಪದ್ಧತಿ ಹಳೇದೇ, ವೆಬ್‌ಸೈಟ್ ಬಂದ್ಮೇಲೆ ಇದರ ಬೆಲೆ ಜಾಸ್ತಿ ಆಗಿದೆ ಅಷ್ಟೇ, ಯಾಕಂದ್ರೆ ಸ್ಕ್ರೀನ್ ಮೇಲೆ ಉತ್ತರ ತುಂಬಾ ಸುಲಭವಾಗಿ ಬಂದ್ಬಿಡತ್ತೆ.

ಅಂದಹಾಗೆ, ಓದಿದ್ದು 10 ಪರ್ಸೆಂಟ್ ನೆನಪಿರತ್ತೆ, ನೋಡಿದ್ದು ಇಷ್ಟು, ಮಾಡಿದ್ದು 90 ಪರ್ಸೆಂಟ್ ಅಂತ ಟ್ರೈನಿಂಗ್‌ಗಳಲ್ಲಿ ಒಂದು ಪಿರಮಿಡ್ ತೋರಿಸ್ತಾರಲ್ಲ, ಅದನ್ನ ನಂಬ್ಕೊಂಡು ಪಾಠ ಪ್ಲಾನ್ ಮಾಡಬೇಡಿ. ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಮೂಲ ಚಿತ್ರದಲ್ಲಿ ಆ ಪರ್ಸೆಂಟೇಜ್ ಒಂದೂ ಇರ್ಲಿಲ್ಲ, ಆಮೇಲೆ ಬೇರೆಯವರು ಅಂಟಿಸಿದ್ದು. ವಿಡಿಯೋ ತೋರಿಸಿದ ಮಾತ್ರಕ್ಕೆ ಮಕ್ಕಳು ಜಾಸ್ತಿ ಕಲೀತಾರೆ ಅನ್ನೋಕ್ಕೆ ಅದು ಸಾಕ್ಷಿ ಅಲ್ಲ.

ಒಂದು ಸಿಮ್ಯುಲೇಶನ್, ಪೂರ್ತಿ ಪಾಠ

ಫೆಟ್ (PhET) ಅಂತ ಒಂದು ಸೈಟ್ ಇದೆ, ಸಿಮ್ಯುಲೇಶನ್‌ಗಳದ್ದು, ಅಂದ್ರೆ ಪ್ರಯೋಗಾನ ಸ್ಕ್ರೀನ್ ಮೇಲೇ ಮಾಡಿ ನೋಡೋದು, ಅಮೆರಿಕದ ಕೊಲೊರಾಡೋ ಬೋಲ್ಡರ್ ಯೂನಿವರ್ಸಿಟಿಯವರದ್ದು, 2001ರಲ್ಲಿ ಫಿಸಿಕ್ಸ್ ನೊಬೆಲ್ ಬಂದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ದುಡ್ಡು ಬೇಡ, ಲಾಗಿನ್ ಬೇಡ, ಎಷ್ಟೋ ಸಿಮ್ಯುಲೇಶನ್ ಕನ್ನಡದಲ್ಲೂ ಸಿಗತ್ತೆ, ಮುಂಚೆನೇ ಡೌನ್‌ಲೋಡ್ ಮಾಡಿಟ್ಕೊಂಡ್ರೆ ನೆಟ್ ಇಲ್ಲದೇನೂ ನಡಿಯತ್ತೆ. ಅದರಲ್ಲಿ ಎಲೆಕ್ಟ್ರಿಕ್ ಸರ್ಕ್ಯೂಟ್ ಕಟ್ಟೋದು ಒಂದಿದೆ, ಡಿಸಿ ಸರ್ಕ್ಯೂಟ್ ಕಿಟ್ ಅಂತ, ಅದನ್ನೇ ತಗೊಂಡು ಹೇಗೆ ನಡೆಸ್ಬೋದು ಅಂತ ಹೇಳ್ತೀನಿ.

ಮೊದಲು ಐದು ನಿಮಿಷ ಏನೂ ಹೇಳ್ಬೇಡಿ, ಆಡ್ಲಿ ಬಿಡಿ. ಬ್ಯಾಟರಿ ಎಳ್ಕೊಂಡು ಬಂದು, ತಂತಿ ಸೇರ್ಸಿ, ಯಾರಾದ್ರೂ ಒಬ್ರು ಬ್ಯಾಟರಿಯ ಎರಡೂ ತುದಿಗೆ ನೇರವಾಗಿ ತಂತಿ ಹಾಕೇ ಹಾಕ್ತಾರೆ, ಬೆಂಕಿ ಹತ್ಕೊಳತ್ತೆ, ಕ್ಲಾಸೆಲ್ಲ ಗಲಾಟೆ. ಆಗ್ಲಿ. ನಿಜವಾದ ಬ್ಯಾಟರೀಲಿ ಮಾಡಿಸೋಕ್ಕಾಗದ್ದು ಇಲ್ಲಿ ಮಾಡ್ಬೋದು ಅನ್ನೋದೇ ಇದರ ಲಾಭ. ಈ ಆಟದ ಟೈಮ್ ಕೊಡದೇ ನೇರ ವರ್ಕ್‌ಶೀಟ್‌ಗೆ ಹೋದ್ರೆ ನೀವು ವಿವರಿಸ್ತಾ ಇರೋವಾಗ ಅವರು ಕದ್ದು ಮುಚ್ಚಿ ಆಡ್ತಿರ್ತಾರೆ, ಆಡೋದಂತೂ ನಿಲ್ಲಲ್ಲ.

ಆಮೇಲೆ ಎಲ್ಲರ ಕೈ ಮೇಲಕ್ಕೆ, ಕೀಬೋರ್ಡ್ ಮುಟ್ಟಂಗಿಲ್ಲ. ದೊಡ್ಡ ಸ್ಕ್ರೀನ್ ಮೇಲೆ 9 ವೋಲ್ಟ್ ಬ್ಯಾಟರಿ, 10 ಓಮ್‌ನ ಒಂದು ಬಲ್ಬ್, ಕರೆಂಟ್ ಅಳೆಯೋ ಆಮ್ಮೀಟರ್ ಇಡಿ. 0.90 ಆಂಪಿಯರ್ ತೋರ್ಸತ್ತೆ. ಈಗ ಪ್ರಶ್ನೆ: ಇದೇ ಸಾಲಲ್ಲಿ ಅಂಥದ್ದೇ ಇನ್ನೊಂದು ಬಲ್ಬ್ ಸೇರಿಸಿದ್ರೆ ಎರಡರಲ್ಲಿ ಯಾವ್ದು ಜಾಸ್ತಿ ಉರಿಯತ್ತೆ? ಬರೀರಿ, ಪಕ್ಕದವರಿಗೆ ತೋರ್ಸಿ, ಕಾರಣ ಹೇಳಿ. ತುಂಬಾ ಜನ ಬರೆಯೋದು ಏನಂದ್ರೆ ಬ್ಯಾಟರಿಗೆ ಹತ್ತಿರ ಇರೋ ಬಲ್ಬ್ ಜೋರಾಗಿ ಉರಿಯತ್ತೆ, ಕರೆಂಟನ್ನ ಅದು ಅರ್ಧ ತಿಂದು ಮುಗಿಸಿರತ್ತೆ, ಎರಡನೇದಕ್ಕೆ ಉಳಿದಿದ್ದು ಹೋಗತ್ತೆ ಅಂತ. ಈ ತಪ್ಪು ಕಲ್ಪನೆ ಪಾಠ ಹೇಳಿ ಹೋಗೋದಲ್ಲ, ಎಷ್ಟು ಸಲ ಬೋರ್ಡ್ ಮೇಲೆ ಬರೆದ್ರೂ ಪರೀಕ್ಷೇಲಿ ಮತ್ತೆ ಬರತ್ತೆ. ಈಗ ಎರಡನೇ ಬಲ್ಬ್ ಸೇರಿಸಿ. ಎರಡೂ ಒಂದೇ ಥರ, ಎರಡೂ ಮಂದ. ಆಮ್ಮೀಟರನ್ನ ಮೊದಲ ಬಲ್ಬ್‌ಗಿಂತ ಮುಂಚೆ, ಎರಡರ ಮಧ್ಯ, ಆಮೇಲೆ ಎರಡನೇದರ ನಂತರ ಇಟ್ಟು ತೋರ್ಸಿ, ಮೂರೂ ಕಡೆ 0.45. ಆ ಕ್ಷಣ ಕ್ಲಾಸಲ್ಲಿ ಒಂದು ಸಣ್ಣ ಗೊಂದಲ ಹುಟ್ಟತ್ತೆ, "ಹಾಗಾದ್ರೆ ತಿಂದಿದ್ದು ಏನು?" ಅಂತ ಯಾರಾದ್ರೂ ಕೇಳ್ತಾರೆ, ನಿಮ್ಮ ಪಾಠ ಅಲ್ಲಿಂದ ಶುರು. ಅವಸರಪಟ್ಟು ಉತ್ತರ ಕೊಡೋಕ್ಕೆ ಹೋಗ್ಬೇಡಿ, ವೋಲ್ಟ್‌ಮೀಟರ್ ಕೊಟ್ಟು ಪ್ರತಿ ಬಲ್ಬ್ ಎರಡೂ ಕಡೆ ಅಳೀರಿ ಅನ್ನಿ, ನಾಲ್ಕೂವರೆ ನಾಲ್ಕೂವರೆ ಬರತ್ತೆ, ಕೂಡಿಸಿದ್ರೆ ಒಂಬತ್ತು, ಅವರೇ ಕಂಡ್ಕೋತಾರೆ.

ನಂತರ ಪ್ಯಾರಲಲ್, ಅಂದ್ರೆ ಎರಡು ಬಲ್ಬ್‌ಗೂ ಬ್ಯಾಟರಿಯಿಂದ ಬೇರೆ ಬೇರೆ ದಾರಿ. ಮತ್ತೆ ಅದೇ ಕ್ರಮ, ಮೊದಲು ಊಹೆ. ಪ್ರತಿ ಬಲ್ಬಲ್ಲೂ 0.90, ಬ್ಯಾಟರಿ ಹತ್ರ 1.80. ಕತ್ತರಿಯಿಂದ ಒಂದು ಬಲ್ಬ್‌ನ ಕನೆಕ್ಷನ್ ಕತ್ತರಿಸಿದ್ರೆ ಇನ್ನೊಂದು ಏನಾಗತ್ತೆ ಅನ್ನೋದನ್ನ ಮಾತ್ರ ನೀವು ತೋರಿಸ್ಬೇಡಿ, ಅದನ್ನ ಅವರಿಗೇ ಬಿಡಿ.

ಒಂದು ಎಚ್ಚರಿಕೆ. ಸಿಮ್ಯುಲೇಶನ್ ಅನ್ನೋದು ಮಾದರಿ, ನಿಜ ಅಲ್ಲ, ಇದನ್ನ ಬಾಯಿಬಿಟ್ಟು ಹೇಳ್ಬೇಕು. ಸ್ಕ್ರೀನ್ ಮೇಲೆ ನೀಲಿ ಎಲೆಕ್ಟ್ರಾನ್‌ಗಳು ಸರಸರ ಓಡ್ತಿರತ್ತೆ, ನಿಜವಾದ ತಂತೀಲಿ ಅವು ಸರಾಸರಿ ಮುಂದೆ ಸಾಗೋ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್‌ಗೂ ಕಮ್ಮಿ. "ಈ ಚಿತ್ರದಲ್ಲಿ ಸುಳ್ಳು ಯಾವ್ದು?" ಅಂತ ಕೊನೇಲಿ ಕೇಳೋದು ನನಗೆ ತುಂಬಾ ಇಷ್ಟದ ಪ್ರಶ್ನೆ, ಚುರುಕಾಗಿರೋ ಮಕ್ಕಳು ಎಲೆಕ್ಟ್ರಾನ್ ಅಷ್ಟು ದಪ್ಪ ಇರತ್ತಾ ಅಂತಾರೆ. ಆಗೋ ಹಾಗಿದ್ರೆ ಅದೇ ದಿನ ಎರಡು ಟಾರ್ಚ್ ಬಲ್ಬ್, ಒಂದು ಸೆಲ್ ಇಟ್ಕೊಂಡು ನಿಜವಾಗ್ಲೂ ಮಾಡಿ ತೋರ್ಸಿ, ಸ್ಕ್ರೀನ್‌ದು ಒಂದು ಅಂದ್ರೆ ಇದು ಇನ್ನೊಂದು ಹೇಳತ್ತೆ, ಬಲ್ಬ್‌ಗಳೆರಡೂ ಸ್ವಲ್ಪ ಹೆಚ್ಚು ಕಮ್ಮಿ ಇರತ್ತೆ, ಯಾಕೆ ಅಂತ ಮತ್ತೆ ಮಾತು ಬೆಳೆಯತ್ತೆ.

ಗಣಿತಕ್ಕೆ ಇದೇ ಥರ ಜಿಯೋಜೀಬ್ರಾ ಇದೆ, ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಯೂನಿವರ್ಸಿಟೀಲಿ 2001ರಲ್ಲಿ ಮಾರ್ಕುಸ್ ಹೋಹೆನ್‌ವಾರ್ಟರ್ ಶುರು ಮಾಡಿದ್ದು. ವರ್ಗ ಸಮೀಕರಣದ (y = ax² + bx + c) ಗ್ರಾಫ್ ಹಾಕಿ, ಎ, ಬಿ, ಸಿ ಮೂರಕ್ಕೂ ಸ್ಲೈಡರ್ ಇಡಿ. ಎ ಎಳೆದ್ರೆ ಅಗಲ-ಸಪೂರ ಆಗತ್ತೆ, ಸಿ ಎಳೆದ್ರೆ ಮೇಲೆ ಕೆಳಗೆ ಹೋಗತ್ತೆ, ಇವೆರಡನ್ನ ಎಲ್ಲರೂ ಊಹೆ ಮಾಡ್ತಾರೆ. ಬಿ ಎಳೆದ್ರೆ ಏನಾಗತ್ತೆ ಅಂದ್ರೆ "ಪಕ್ಕಕ್ಕೆ ಹೋಗತ್ತೆ" ಅಂತಾರೆ, ಎಳೀರಿ, ಅದು ಪಕ್ಕಕ್ಕೂ ಹೋಗತ್ತೆ, ಮೇಲೆ ಕೆಳಗೂ ಹೋಗತ್ತೆ. ಶೃಂಗದ ಬಿಂದುವಿಗೆ, ಅಂದ್ರೆ ಗ್ರಾಫ್ ತಿರುಗೋ ತುದಿಗೆ, ಹೋದ ದಾರಿ ಗುರುತು ಬೀಳೋ ಟ್ರೇಸ್ ಆನ್ ಮಾಡಿ ಮತ್ತೆ ಎಳೆದ್ರೆ ಆ ಬಿಂದು ನಡೆದ ದಾರಿನೇ ಇನ್ನೊಂದು ಪ್ಯಾರಾಬೋಲ, ತಲೆಕೆಳಗಾಗಿ. ಹತ್ತು ವರ್ಷ ಗಣಿತ ಹೇಳಿದ ಟೀಚರ್‌ಗಳೂ ಇದನ್ನ ನೋಡಿ "ಅರೆ" ಅಂದಿದ್ದಿದೆ. ಹತ್ತನೇ ಕ್ಲಾಸ್ ಮಟ್ಟದ ಮಕ್ಕಳಿಗೆ ಯಾಕೆ ಹೀಗೆ ಅಂತ ಲೆಕ್ಕ ಮಾಡಿ ತೋರ್ಸೋಕ್ಕೂ ಆಗತ್ತೆ.

ಎಷ್ಟು ಕಂಪ್ಯೂಟರ್ ಇದೆ ಅನ್ನೋದು ಅಷ್ಟೊಂದು ಮುಖ್ಯ ಅಲ್ಲ. ಒಂದೇ ಪ್ರೊಜೆಕ್ಟರ್ ಇದ್ರೆ ಮೌಸ್ ಮಾತ್ರ ನಿಮ್ಮ ಕೈಲಿ ಇಟ್ಕೋಬೇಡಿ, ಒಬ್ಬ ಹುಡುಗನೋ ಹುಡುಗಿಯೋ ಮುಂದೆ ಬರ್ಲಿ, ಕ್ಲಾಸ್ ಹೇಳಿದ ಹಾಗೆ ಮಾಡ್ಲಿ, ಎರಡು ಮೂರು ನಿಮಿಷಕ್ಕೆ ಬದಲಾಯಿಸಿ. ನಾಲ್ಕೈದು ಟ್ಯಾಬ್ ಇದ್ರೆ ಮೂರು ಮೂರು ಜನರ ಗುಂಪು, ಒಬ್ರು ಕೈ, ಒಬ್ರು ಬಾಯಿ, ಒಬ್ರು ಪೆನ್ನು. ತಲೆಗೊಂದು ಕೊಟ್ರೆ ಮಾತೇ ನಿಂತೋಗತ್ತೆ, ಎಲ್ಲರೂ ಅವರವರ ಸ್ಕ್ರೀನಲ್ಲಿ ಮುಳುಗ್ತಾರೆ, ಹಾಗಾಗಿ ಇದ್ರೂ ನಾನು ಹಂಚಿ ಕೊಡೋದೇ ಒಳ್ಳೇದು ಅಂತೀನಿ.

ವಿಡಿಯೋ: ನಿಲ್ಲಿಸೋದು ಕಲೀಬೇಕು

ಹದಿನೈದು ನಿಮಿಷದ ವಿಡಿಯೋ ಹಾಕಿ ಹಿಂದೆ ಹೋಗಿ ಪೇಪರ್ ಕರೆಕ್ಷನ್ ಮಾಡ್ತಾ ಕೂರೋದು ಇದ್ಯಲ್ಲ, ಅದು ಪಾಠ ಅಲ್ಲ, ಹೇಳೋಕ್ಕೆ ಬೇಜಾರಾದ್ರೂ ಹೇಳ್ಬೇಕು. ಮೂರ್ನಾಲ್ಕು ನಿಮಿಷದ ತುಣುಕು ಸಾಕು, ಅದರಲ್ಲೂ ಎರಡು ಕಡೆ ನಿಲ್ಲಿಸ್ಬೇಕು, ಎಲ್ಲಿ ಅಂತ ಹಿಂದಿನ ದಿನನೇ ಚೀಟೀಲಿ ಬರೆದಿಟ್ಕೋಬೇಕು.

ಒಂದು ಉದಾಹರಣೆ. 1971ರ ಆಗಸ್ಟಲ್ಲಿ ಅಪೋಲೋ 15ರ ಕಮಾಂಡರ್ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಒಂದು ಕೈಲಿ ಸುತ್ತಿಗೆ, ಇನ್ನೊಂದು ಕೈಲಿ ಗಿಡುಗನ ಗರಿ ಹಿಡ್ಕೊಂಡು ಒಟ್ಟಿಗೆ ಬಿಟ್ಟಿದ್ದು ನಾಸಾದ ಫಿಲ್ಮಲ್ಲಿದೆ. ಸುತ್ತಿಗೆ 1.32 ಕೆಜಿ, ಗರಿ ಸುಮಾರು 30 ಗ್ರಾಂ. ಅವನು ಎರಡೂ ಕೈ ಚಾಚಿದ ತಕ್ಷಣ ಪಾಸ್ ಮಾಡಿ. ಯಾವ್ದು ಮೊದಲು ಬೀಳತ್ತೆ, ಕೈ ಎತ್ತಿ. ಸುತ್ತಿಗೆ ಅಂದವರು ಎದ್ದು ಕಾರಣ ಹೇಳ್ಲಿ, ಒಟ್ಟಿಗೆ ಅಂದವರು ಹೇಳ್ಲಿ, ಎರಡೂ ಬೀಳಲ್ಲ ತೇಲತ್ತೆ ಅನ್ನೋರೂ ಇರ್ತಾರೆ, ಅವರನ್ನ ನೋಡಿ ಉಳಿದವರು ನಗಾಡೋಕ್ಕೆ ಬಿಡ್ಬೇಡಿ, ಅದು ತುಂಬಾ ಮುಖ್ಯವಾದ ತಪ್ಪು, ಚಂದ್ರನಲ್ಲಿ ಗುರುತ್ವ ಇಲ್ಲ ಅಂತ ಅಂದ್ಕೊಂಡಿರೋರು ಅವರು. ಆಮೇಲೆ ಪ್ಲೇ. ಬೀಳೋದು ಒಂದೂವರೆ ಸೆಕೆಂಡಿಗೂ ಕಮ್ಮಿ ಹೊತ್ತಲ್ಲಿ ಮುಗಿದೋಗತ್ತೆ, ಅರ್ಧ ಕ್ಲಾಸ್ ಮಿಸ್ ಮಾಡ್ಕೊಳತ್ತೆ, ಅದಕ್ಕೇ ಮುಂದಿನ ಟ್ರಿಕ್ ಬೇಕು.

ಯೂಟ್ಯೂಬಲ್ಲಿ ಕಂಪ್ಯೂಟರ್ ಕೀಬೋರ್ಡಿನ ಕೆ ಒತ್ತಿದ್ರೆ ಪಾಸ್, ಜೆ ಒತ್ತಿದ್ರೆ ಹತ್ತು ಸೆಕೆಂಡ್ ಹಿಂದೆ, ಎಲ್ ಒತ್ತಿದ್ರೆ ಹತ್ತು ಸೆಕೆಂಡ್ ಮುಂದೆ. ಪಾಸ್ ಆಗಿರೋವಾಗ ಪೂರ್ಣವಿರಾಮದ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಮುಂದೆ, ಅಲ್ಪವಿರಾಮದ ಕೀ ಒತ್ತಿದ್ರೆ ಹಿಂದೆ. ಗರಿ ಸುತ್ತಿಗೆ ಬೀಳೋದನ್ನ ಹೀಗೆ ಒಂದೊಂದೇ ಫ್ರೇಮ್ ನಡೆಸಿದ್ರೆ ಎರಡೂ ಜೊತೆಜೊತೆಗೆ ಇಳಿಯೋದು ಕಾಣತ್ತೆ. ಸ್ಪೀಡ್ ಕಮ್ಮಿ ಮಾಡೋ ಸೆಟ್ಟಿಂಗೂ ಇದೆ, ಆದ್ರೆ ಫ್ರೇಮ್ ಫ್ರೇಮಾಗಿ ಹೋಗೋದ್ರಲ್ಲಿ ಮಕ್ಕಳ ಕುತೂಹಲ ಬೇರೆನೇ.

ಭಾಷೆ ವಿಷಯ ಬಂದ್ರೆ, ಒಳ್ಳೆ ವಿಡಿಯೋ ಎಷ್ಟೋ ಸಲ ಇಂಗ್ಲಿಷಲ್ಲಿರತ್ತೆ, ಅದೂ ಸ್ಪೀಡಾಗಿ ಮಾತಾಡ್ತಾರೆ. ಸುಲಭ ಉಪಾಯ ಮ್ಯೂಟ್. ಎಂ ಒತ್ತಿ, ಮಾತು ನೀವೇ ಕನ್ನಡದಲ್ಲಿ ಹೇಳಿ, ಎಲ್ಲಿ ಬೇಕೋ ಅಲ್ಲಿ ನಿಲ್ಲಿಸಿ. ಎರಡನೇ ಸಲ ಹಾಕಿದಾಗ ಒಬ್ಬ ವಿದ್ಯಾರ್ಥಿ ಬಂದು ವಿವರಣೆ ಕೊಡ್ಲಿ, ಅರ್ಥ ಆಗಿದ್ಯೋ ಇಲ್ವೋ ಅಂತ ಅಲ್ಲೇ ಬಯಲಾಗತ್ತೆ. ಮೂಲ ಮಾತನ್ನೇ ಕೇಳಿಸ್ಬೇಕು ಅಂದ್ರೆ ಕ್ಯಾಪ್ಷನ್ ಹಾಕಿ, ಆದ್ರೆ ತಾನಾಗೇ ಬರೋ ಕ್ಯಾಪ್ಷನಲ್ಲಿ ವೈಜ್ಞಾನಿಕ ಪದ, ಹೆಸರು ಏನೇನೋ ಆಗಿರತ್ತೆ, ಮೊದಲೇ ಒಂದ್ಸಲ ನೋಡಿ. ಮಕ್ಕಳಿಗೆ ಚೆನ್ನಾಗಿ ಗೊತ್ತಿರೋ ಭಾಷೇಲೇ ಮಾತಿದ್ರೆ ಅದೇ ಮಾತನ್ನ ಅಕ್ಷರದಲ್ಲೂ ತೋರ್ಸೋದು ಬೇಡ, ಕಣ್ಣು ಚಿತ್ರ ಬಿಟ್ಟು ಅಕ್ಷರದ ಹಿಂದೆ ಹೋಗತ್ತೆ, ರಿಚರ್ಡ್ ಮೇಯರ್ ಅನ್ನೋ ಮನಶ್ಶಾಸ್ತ್ರಜ್ಞರು ಇದರ ಮೇಲೆ ತುಂಬಾ ಕೆಲಸ ಮಾಡಿದ್ದಾರೆ. ಕಿವಿ ಸರಿಯಾಗಿ ಕೇಳದ ಮಕ್ಕಳಿದ್ರೆ ಮಾತ್ರ ಕ್ಯಾಪ್ಷನ್ ಬೇಕೇ ಬೇಕು.

ಮನೇಲಿ ನೋಡ್ಕೊಂಡು ಬನ್ನಿ ಅನ್ನೋದಾದ್ರೆ ಎಡ್‌ಪಝಲ್ ಥರದ ಸೈಟಲ್ಲಿ ವಿಡಿಯೋ ಮಧ್ಯ ಪ್ರಶ್ನೆ ಕೂರಿಸ್ಬೋದು, ಉತ್ತರ ಕೊಟ್ರೇನೇ ಮುಂದೆ ಹೋಗೋ ಹಾಗೆ. ಆದ್ರೆ ಮನೇಲಿ ಎಲ್ಲರಿಗೂ ಫೋನ್, ಡೇಟಾ ಇರತ್ತೆ ಅಂತ ಅಂದ್ಕೋಬೇಡಿ, ಇಲ್ಲದವರು ಬಾಯಿಬಿಟ್ಟು ಹೇಳಲ್ಲ.

ಭೂಗೋಳ, ಪರಿಸರ ಹೇಳೋರಿಗೆ ಗೂಗಲ್ ಅರ್ಥ್‌ನ ಟೈಮ್‌ಲ್ಯಾಪ್ಸ್ ಬಿಟ್ರೆ ಬೇರೆ ಬೇಡ ಅನ್ನೋಷ್ಟು ಚೆನ್ನಾಗಿದೆ, 1984ರಿಂದ ಉಪಗ್ರಹ ಚಿತ್ರಗಳು ವರ್ಷ ವರ್ಷ ಓಡತ್ತೆ. ಕಜಾಕ್‌ಸ್ತಾನ ಉಜ್ಬೇಕಿಸ್ತಾನದ ಮಧ್ಯ ಇರೋ ಅರಲ್ ಸಮುದ್ರ ತೆಗೀರಿ, ಹೆಸರು ಹೇಳದೇ ತೋರ್ಸಿ, ನೀರು ಎಲ್ಲಿಗೆ ಹೋಯ್ತು ಅಂತ ಕೇಳಿ. ಬಿಸಿಲಿಗೆ ಆವಿಯಾಯ್ತು, ಭೂಕಂಪ ಆಯ್ತು, ಏನೇನೋ ಹೇಳ್ತಾರೆ. ಆಮೇಲೆ ಅದಕ್ಕೆ ಬಂದು ಸೇರ್ತಿದ್ದ ಅಮು ದರ್ಯಾ, ಸಿರ್ ದರ್ಯಾ ನದಿಗಳ ಜಾಡು ಹಿಡ್ಕೊಂಡು ಮೇಲಕ್ಕೆ ಹೋಗಿ ಅನ್ನಿ, ಅಕ್ಕಪಕ್ಕದ ಹಸಿರು ಹೊಲ ಕಣ್ಣಿಗೆ ಬೀಳತ್ತೆ, ಹತ್ತಿ ಬೆಳೆಗೆ ನೀರು ತಿರುಗಿಸಿದ ಕಥೆ ಮಕ್ಕಳೇ ಕಟ್ತಾರೆ.

ಕ್ವಿಜ್ ಸೈಟ್‌ಗಳು

ಕಹೂಟ್ ಹಾಕಿದ್ರೆ ಕ್ಲಾಸ್ ಕುಣಿಯತ್ತೆ, ನಿಜ. ಆದ್ರೆ ಅದರಲ್ಲಿ ಸಾಮಾನ್ಯವಾಗಿ ಬೇಗ ಒತ್ತಿದವರಿಗೆ ಜಾಸ್ತಿ ಪಾಯಿಂಟ್, ಹಾಗಾಗಿ ಯೋಚನೆ ಮಾಡೋ ಮಗು ಕೆಳಗೆ ಬೀಳತ್ತೆ, ಅಂದಾಜಲ್ಲಿ ಒತ್ತೋ ಮಗು ಲೀಡರ್‌ಬೋರ್ಡಲ್ಲಿ ಮೇಲೆ ಕೂರತ್ತೆ. ಮಗ್ಗಿ, ರಾಜಧಾನಿ, ಸಂಕೇತ ಇಂಥದ್ದು ರಿವಿಶನ್ ಮಾಡೋಕ್ಕೆ ಓಕೆ. ಯೋಚನೆ ಮಾಡೋ ಪ್ರಶ್ನೆ ಆದ್ರೆ ಟೈಮರ್ ಉದ್ದ ಮಾಡಿ, ಗುಂಪಾಗಿ ಆಡ್ಸಿ.

ಮಕ್ಕಳ ಹತ್ರ ಏನೂ ಇಲ್ಲ, ನಿಮ್ಮ ಹತ್ರ ಒಂದು ಫೋನ್ ಇದೆ ಅಷ್ಟೇ ಅಂದ್ರೆ ಪ್ಲಿಕರ್ಸ್ ನೋಡಿ, ನನಗಂತೂ ಎಲ್ಲಕ್ಕಿಂತ ಇದೇ ಇಷ್ಟ. ಕ್ಯೂಆರ್ ಕೋಡ್ ಥರ ಇರೋ ಕಾರ್ಡ್ ಪ್ರಿಂಟ್ ತೆಗೆದು ಒಬ್ಬೊಬ್ಬರಿಗೆ ಒಂದು ಕೊಡ್ತೀರಿ, ಕಾರ್ಡಿನ ನಾಲ್ಕು ಬದಿಗೆ ಎ ಬಿ ಸಿ ಡಿ, ತಮ್ಮ ಉತ್ತರ ಮೇಲೆ ಬರೋ ಹಾಗೆ ತಿರುಗಿಸಿ ಹಿಡೀತಾರೆ, ನೀವು ಫೋನ್ ಕ್ಯಾಮೆರಾ ಕ್ಲಾಸ್ ಮೇಲೆ ಆಡಿಸಿದ್ರೆ ಯಾರು ಏನು ಅಂದ್ರು ಅಂತ ಬಂದ್ಬಿಡತ್ತೆ. ಪ್ರತಿ ಕಾರ್ಡೂ ಬೇರೆ ಬೇರೆ ಆಗಿರೋದ್ರಿಂದ ಪಕ್ಕದವರದ್ದು ನೋಡಿ ತಿರುಗಿಸೋಕ್ಕಾಗಲ್ಲ, ನಾಚಿಕೆ ಸ್ವಭಾವದ ಮಕ್ಕಳೂ ಉತ್ತರ ಕೊಡ್ತಾರೆ.

ಉತ್ತರ ಬಂದ್ಮೇಲೆ ಏನ್ಮಾಡ್ತೀರಿ ಅನ್ನೋದೇ ನಿಜವಾದ ಪ್ರಶ್ನೆ. ಹಾರ್ವರ್ಡಿನ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಝೂರ್ 1990ರ ದಶಕದಲ್ಲಿ ಬೆಳೆಸಿದ ಪದ್ಧತಿ ಇದೆ, ಸರಿ ಉತ್ತರ ತೋರಿಸ್ಬೇಡಿ, ಎಷ್ಟು ಜನ ಸರಿ ಅಂತ ನೀವು ಮಾತ್ರ ನೋಡ್ಕೊಳ್ಳಿ. 30 ಪರ್ಸೆಂಟ್‌ಗಿಂತ ಕಮ್ಮಿ ಇದ್ರೆ ಪಾಠನೇ ಹೋಗಿಲ್ಲ, ಮತ್ತೆ ಹೇಳಿ. 70ಕ್ಕಿಂತ ಜಾಸ್ತಿ ಇದ್ರೆ ಚಿಕ್ಕದಾಗಿ ವಿವರಿಸಿ ಮುಂದೆ ಹೋಗಿ. ಮಧ್ಯದಲ್ಲಿದ್ರೆ ಅದು ಚಿನ್ನ, ಪಕ್ಕದವರನ್ನ ಒಪ್ಪಿಸಿ ಅಂತ ಎರಡು ನಿಮಿಷ ಬಿಟ್ಟು ಮತ್ತೆ ಅದೇ ಪ್ರಶ್ನೆ ಹಾಕಿ.

ನಂಬೋದು, ನಂಬದೇ ಇರೋದು

ಮಕ್ಕಳಿಗೆ "ನೆಟ್ಟಲ್ಲಿ ನೋಡ್ಕೊಂಡು ಬನ್ನಿ" ಅಂತ ಕಳಿಸೋಕ್ಕೆ ಮುಂಚೆ ಒಂದು ಪೀರಿಯಡ್ ಇದಕ್ಕೆ ಕೊಡಿ. ಮರದ ಮೇಲೆ ಬದುಕೋ ಆಕ್ಟೋಪಸ್ ಬಗ್ಗೆ 1998ರಲ್ಲಿ ತಮಾಷೆಗೆ ಅಂತ ಮಾಡಿದ ಒಂದು ಸೈಟ್ ಇದೆ, ಫೋಟೋ, ವೈಜ್ಞಾನಿಕ ಹೆಸರು, ಉಳಿಸಿ ಅಭಿಯಾನ ಎಲ್ಲಾ ಇದೆ, ನೋಡೋಕ್ಕೆ ಪಕ್ಕಾ. ಏನೂ ಹೇಳದೇ ಅದನ್ನ ಕೊಟ್ಟು ಐದು ಅಂಶ ಬರೀರಿ ಅನ್ನಿ, ಬರೀತಾರೆ. ಆಮೇಲೆ ಇದು ನಿಜನಾ ಅಂತ ಹೇಗೆ ತಿಳ್ಕೋತೀರಿ ಅಂತ ಕೇಳಿದ್ರೆ ಅದೇ ಪೇಜನ್ನ ಇನ್ನೂ ಗಮನ ಇಟ್ಟು ಓದೋಕ್ಕೆ ಶುರು ಮಾಡ್ತಾರೆ, ತಪ್ಪಾಗೋದೇ ಅಲ್ಲಿ. ಅಮೆರಿಕದ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟೀಲಿ ಶಿಕ್ಷಣ ಸಂಶೋಧಕ ಸ್ಯಾಮ್ ವೈನ್‌ಬರ್ಗ್ ತಂಡದವರು ಇತಿಹಾಸಕಾರರು, ವಿದ್ಯಾರ್ಥಿಗಳು, ಸುದ್ದಿ ನಿಜನಾ ಅಂತ ಪರೀಕ್ಷೆ ಮಾಡೋ ಫ್ಯಾಕ್ಟ್ ಚೆಕರ್‌ಗಳು ಮೂವರನ್ನೂ ಕೂರಿಸಿ ನೋಡಿದಾಗ ಫ್ಯಾಕ್ಟ್ ಚೆಕರ್‌ಗಳು ಬೇಗ ಸರಿಯಾಗಿ ಕಂಡ್ಕೊಂಡಿದ್ದು ಆ ಪೇಜ್ ಬಿಟ್ಟು ಹೊರಗೆ ಹೋಗಿದ್ರಿಂದ, ಹೊಸ ಟ್ಯಾಬ್ ತೆಗೆದು ಈ ಸೈಟ್ ಬಗ್ಗೆ ಬೇರೆಯವರು ಏನಂತಾರೆ ಅಂತ ನೋಡಿದ್ರು. ಮಕ್ಕಳಿಗೆ ಕಲಿಸ್ಬೇಕಾದ ಅಭ್ಯಾಸ ಇದು, ಎರಡನೇ ಟ್ಯಾಬ್. ಫೋಟೋ ಆದ್ರೆ ರಿವರ್ಸ್ ಇಮೇಜ್ ಸರ್ಚ್, ಅಂದ್ರೆ ಆ ಫೋಟೋನೇ ಹಾಕಿ ಅದು ಬೇರೆ ಎಲ್ಲೆಲ್ಲಿದೆ ಅಂತ ಹುಡುಕೋದು. ಎಐ ಚಾಟ್‌ಬಾಟ್ ಕೊಟ್ಟ ಉತ್ತರಕ್ಕೂ ಇದೇ ನಿಯಮ, ಅದು ಸುಳ್ಳನ್ನೂ ಅಷ್ಟೇ ಧೈರ್ಯವಾಗಿ ಹೇಳತ್ತೆ.

ಅಕೌಂಟ್ ವಿಷಯ. ತುಂಬಾ ಸೈಟ್‌ಗಳಲ್ಲಿ 13 ವರ್ಷ ಆಗದ ಮಕ್ಕಳು ಸ್ವಂತ ಅಕೌಂಟ್ ಮಾಡೋ ಹಾಗಿಲ್ಲ. ಕ್ಲಾಸ್ ಕೋಡ್ ಕೊಟ್ಟು ಅಡ್ಡಹೆಸರಲ್ಲಿ ಒಳಗೆ ಹೋಗೋ ಥರದ್ದನ್ನೇ ಆರಿಸ್ಕೊಳ್ಳಿ, ಫೋಟೋ, ಫೋನ್ ನಂಬರ್, ಹುಟ್ಟಿದ ದಿನ ಕೇಳಿದ್ರೆ ಆ ಸೈಟೇ ಬೇಡ. ಪ್ಯಾಡ್ಲೆಟ್ ಥರ ಎಲ್ಲರೂ ಒಂದೇ ಬೋರ್ಡ್ ಮೇಲೆ ಬರೆಯೋ ಜಾಗದಲ್ಲಿ ನೀವು ಒಪ್ಪಿದ್ಮೇಲೆ ಮಾತ್ರ ಕಾಣೋ ಸೆಟ್ಟಿಂಗ್ ಇದೆ, ಅದನ್ನ ಆನ್ ಮಾಡದೇ ದೊಡ್ಡ ಸ್ಕ್ರೀನಿಗೆ ಹಾಕಿದ್ರೆ ಯಾರೋ ಒಬ್ಬ ಏನೋ ಬರೆದೇ ಬರೀತಾನೆ.

ಹಿಂದಿನ ದಿನ

ಮನೆ ಲ್ಯಾಪ್‌ಟಾಪಲ್ಲಿ ಓಡಿದ್ದು ಸ್ಕೂಲಲ್ಲಿ ಓಡಲ್ಲ, ಅಲ್ಲಿನ ನೆಟ್‌ವರ್ಕಲ್ಲಿ ಸೈಟ್ ಬ್ಲಾಕ್ ಆಗಿರ್ಬೋದು, ಬ್ರೌಸರ್ ಹಳೇದಿರ್ಬೋದು, ಆದ್ರಿಂದ ಅದೇ ರೂಮಲ್ಲಿ, ಅದೇ ಮೆಷಿನಲ್ಲಿ, ಅದೇ ಲಾಗಿನಲ್ಲಿ ತೆಗೆದು ನೋಡಿ. ಕೊನೇ ಬೆಂಚಿಗೆ ಹೋಗಿ ಕೂತು ಅಕ್ಷರ ಕಾಣತ್ತಾ ನೋಡಿ, ಕಾಣದಿದ್ರೆ ಕಂಟ್ರೋಲ್ ಜೊತೆ ಪ್ಲಸ್. ನೋಟಿಫಿಕೇಶನ್ ಆಫ್ ಮಾಡಿ, ನಿಮ್ಮ ಮೆಸೇಜ್ ಇಡೀ ಕ್ಲಾಸ್ ಓದೋದು ಬೇಡ. ಆಟೋಪ್ಲೇ ಆಫ್. ಮುಖ್ಯವಾದ ನಾಲ್ಕೈದು ಹಂತದ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ, ನೆಟ್ ಕೈ ಕೊಟ್ರೆ ಪಾಠ ಅದರಲ್ಲೇ ನಡಿಯತ್ತೆ. ನೆಟ್ ಅನ್ನೋದೇ ಅನುಮಾನ ಇರೋ ಕಡೆ ಕಿವಿಕ್ಸ್ ಅನ್ನೋ ಆ್ಯಪ್ ಹಾಕ್ಕೊಂಡ್ರೆ ಇಡೀ ವಿಕಿಪೀಡಿಯಾ ಆಫ್‌ಲೈನಲ್ಲಿ ಸಿಗತ್ತೆ, ಕೋಲಿಬ್ರಿ ಹಾಕಿದ್ರೆ ಒಂದು ಕಂಪ್ಯೂಟರಿಂದ ಉಳಿದ ಟ್ಯಾಬ್‌ಗಳಿಗೆ ಪಾಠ, ವಿಡಿಯೋ ಹಂಚ್ಬೋದು.

ಹಳೇ ಲಿಸ್ಟ್‌ಗಳಲ್ಲಿ ಸಿಗೋ ಎಷ್ಟೋ ಚಂದದ ಅನಿಮೇಶನ್‌ಗಳು ಈಗ ಖಾಲಿ ಡಬ್ಬಿ ತೋರಿಸತ್ತೆ, ಕಾರಣ ಅವು ಫ್ಲಾಶ್ ಅನ್ನೋ ಹಳೇ ಸಾಫ್ಟ್‌ವೇರಲ್ಲಿ ಮಾಡಿದ್ದು, ಅಡೋಬಿ ಅದಕ್ಕೆ 2020ರ ಡಿಸೆಂಬರ್ 31ಕ್ಕೆ ಸಪೋರ್ಟ್ ನಿಲ್ಲಿಸ್ತು. ಅದೊಂದೇ ಅಲ್ಲ, ಲಿಂಕ್ ಸಾಯೋದು ಮಾಮೂಲಿ. ಹಾಗಾಗಿ ಒಂದು ಶೀಟ್ ಮಾಡ್ಕೊಳ್ಳಿ, ಪಾಠದ ಹೆಸರು, ಲಿಂಕ್, ವಿಡಿಯೋ ಆದ್ರೆ ಎಷ್ಟನೇ ನಿಮಿಷಕ್ಕೆ ನಿಲ್ಲಿಸ್ಬೇಕು, ಕೇಳೋ ಪ್ರಶ್ನೆ, ಮಕ್ಕಳು ಕೊಟ್ಟ ತಪ್ಪು ಊಹೆ. ಆ ಕೊನೇ ಕಾಲಂ ಖಾಲಿ ಬಿಡ್ಬೇಡಿ, ಮುಂದಿನ ವರ್ಷ ಕ್ವಿಜ್ ಮಾಡೋವಾಗ ತಪ್ಪು ಆಯ್ಕೆಗಳು ಅಲ್ಲಿಂದಲೇ ಸಿಗತ್ತೆ. ಟರ್ಮ್ ಶುರುವಾಗೋ ಮುಂಚೆ ಎಲ್ಲಾ ಲಿಂಕ್ ಒಂದ್ಸಲ ಒತ್ತಿ ನೋಡಿ, ಸತ್ತಿದ್ರೆ ಹಳೇ ಪೇಜ್‌ಗಳ ಪ್ರತಿ ಕೂಡಿಟ್ಟಿರೋ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮೆಷಿನಲ್ಲಿ ವಿಳಾಸ ಹಾಕಿ ಹುಡುಕಿ, ಓದೋ ಪೇಜ್ ಆದ್ರೆ ಎಷ್ಟೋ ಸಲ ಸಿಗತ್ತೆ, ಸಿಮ್ಯುಲೇಶನ್ ಆದ್ರೆ ಅಲ್ಲಿ ಓಡೋದು ಅನುಮಾನ, ಅದಕ್ಕೆ ಬದಲಿ ಹುಡ್ಕೋಕ್ಕೆ ಒಂದು ವಾರ ಮುಂಚೆನೇ ಕೂತ್ಕೊಳ್ಳಿ.